ಶೇಕಡಾ ಆರರ ಲೆಕ್ಕ: ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಪಾಲೆಷ್ಟು?

ನಮ್ಮ ಸದಸ್ಯ ಬಾಂಧವರು ಆದಾಯ ತೆರಿಗೆಯ ಲೆಕ್ಕಪತ್ರಕ್ಕೆ ಸಹಿ ಹಾಕುವಾಗ ಸಾಮಾನ್ಯವಾಗಿ ಎರಡೇ ಅಂಕಿಗಳನ್ನು ನೋಡುತ್ತಾರೆ. ಒಂದು, ಒಟ್ಟು ಆದಾಯ. ಇನ್ನೊಂದು, ಕಟ್ಟಬೇಕಾದ ತೆರಿಗೆ. ಇವೆರಡರ ನಡುವೆ ಒಂದು ಸಣ್ಣ ಸಾಲು ಉಂಟು. ಅದುವೇ ‘ಆರೋಗ್ಯ ಮತ್ತು ಶಿಕ್ಷಣ ಸೆಸ್’. ಪಾಲುದಾರಿಕೆ ಸಂಸ್ಥೆಯೊಂದು 20 ಲಕ್ಷ ರೂಪಾಯಿ ತೆರಿಗೆಯೋಗ್ಯ ಲಾಭ ಗಳಿಸಿದರೆ ಶೇ. 30ರ ದರದಲ್ಲಿ 6 ಲಕ್ಷ ರೂಪಾಯಿ ತೆರಿಗೆಯಾಗುತ್ತದೆ. ಅದರ ಮೇಲೆ ಶೇ. 4ರಂತೆ 24,000 ರೂಪಾಯಿ ಸೆಸ್ ಸೇರುತ್ತದೆ.

ಕೈಗಾರಿಕಾ ವಸಾಹತಿನಲ್ಲಿ ಯಂತ್ರಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ಒಮ್ಮೆ ಈ ಸಾಲಿನ ಮೇಲೆ ಬೆರಳಿಟ್ಟು, “ಸ್ವಾಮಿ, ಇಷ್ಟು ವರ್ಷದಿಂದ ಶಿಕ್ಷಣಕ್ಕೆಂದು ಕಟ್ಟುತ್ತಿದ್ದೇನೆ. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿ ನನ್ನಲ್ಲಿಗೆ ಕೆಲಸಕ್ಕೆ ಬರುವ ಹುಡುಗನಿಗೆ ದಶಮಾಂಶ ಬಿಂದುವಿನ ಬೆಲೆ ತಿಳಿಯುವುದಿಲ್ಲ. ಮೈಕ್ರೋಮೀಟರ್ ಓದಲು ನಾನೇ ಕಲಿಸಬೇಕು. ಹಾಗಾದರೆ ನನ್ನ ದುಡ್ಡು ಹೋದದ್ದೆಲ್ಲಿಗೆ?” ಎಂದು ಕೇಳಿದರು. ಪ್ರಶ್ನೆ ಸರಳವಾದುದು. ಉತ್ತರ ಹೇಳಲು ನನಗೆ ಅಂದು ಸಾಧ್ಯವಾಗಲಿಲ್ಲ. ಆ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಶೇ. 6 ಎಂಬ ಅಂಕಿ ಬಂದ ಬಗೆ

ರಾಷ್ಟ್ರೀಯ ವರಮಾನದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇದು ಯಾವುದೋ ರಾಜಕೀಯ ವೇದಿಕೆಯಲ್ಲಿ ಹುಟ್ಟಿದ ಘೋಷಣೆಯಲ್ಲ. ಭೌತವಿಜ್ಞಾನಿ ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಸಲ್ಲಿಸಿದ ವರದಿಯಲ್ಲಿ ಲೆಕ್ಕ ಹಾಕಿ ಕೊಟ್ಟ ಅಂಕಿ ಇದು. ಆಯೋಗದ ಸದಸ್ಯ ಕಾರ್ಯದರ್ಶಿಗಳಾಗಿದ್ದ ಜೆ. ಪಿ. ನಾಯಕ್ ಅವರು 1930ರ ದಶಕದಲ್ಲಿ ನಮ್ಮ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ನೆಲೆಸಿ ಗ್ರಾಮಸುಧಾರಣೆಯ ಕಾರ್ಯ ನಡೆಸಿದವರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿ.

ಆಯೋಗದ ಲೆಕ್ಕ ಹೀಗಿತ್ತು: 1965-66ರಲ್ಲಿ ಶಿಕ್ಷಣದ ವೆಚ್ಚವು ರಾಷ್ಟ್ರೀಯ ವರಮಾನದ ಶೇ. 2.9; ತಲಾ ವೆಚ್ಚ ಸುಮಾರು 12 ರೂಪಾಯಿ. ಮುಂದಿನ 20 ವರ್ಷಗಳಲ್ಲಿ ವರಮಾನವು ವಾರ್ಷಿಕ ಶೇ. 6ರಂತೆ ಬೆಳೆದರೆ, 1985-86ರ ವೇಳೆಗೆ ಶಿಕ್ಷಣದ ಪಾಲು ಶೇ. 6ಕ್ಕೂ, ತಲಾ ವೆಚ್ಚ 54 ರೂಪಾಯಿಗೂ ಏರಬೇಕು. ಎಷ್ಟು ಮಕ್ಕಳು ಶಾಲೆಗೆ ಬರುತ್ತಾರೆ, ಎಷ್ಟು ಶಿಕ್ಷಕರು ಬೇಕಾಗುತ್ತಾರೆ, ಅವರಿಗೆ ಸಂಬಳವೆಷ್ಟು ಎಂಬುದನ್ನೆಲ್ಲ ಕೂಡಿ ತೆಗೆದ ಮೊತ್ತವದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 20 ವರ್ಷಗಳ ಮುಂಗಡಪತ್ರ.

1968ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಗುರಿಯನ್ನು ಅಂಗೀಕರಿಸಿತು. 1986ರ ನೀತಿಯು ಎಂಟನೇ ಪಂಚವಾರ್ಷಿಕ ಯೋಜನೆಯಿಂದ ವೆಚ್ಚವು ಶೇ. 6ನ್ನು ಮೀರುವಂತೆ ನೋಡಿಕೊಳ್ಳುವುದಾಗಿ ಹೇಳಿತು. 2004ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟದ ಕನಿಷ್ಠ ಕಾರ್ಯಕ್ರಮವು ಅದೇ ವಾಗ್ದಾನವನ್ನು ಪುನರುಚ್ಚರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ‘ಸಾಧ್ಯವಾದಷ್ಟು ಬೇಗ’ ಶೇ. 6ನ್ನು ತಲುಪಬೇಕೆಂದಿತು. ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು. ಗುರಿ ಮಾತ್ರ ಬದಲಾಗಲಿಲ್ಲ, ಈಡೇರಲೂ ಇಲ್ಲ. ‘ಲೆಕ್ಕಕ್ಕುಂಟು, ಆಟಕ್ಕಿಲ್ಲ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಒಂದೇ ದೇಶ, ಎರಡು ಅಂಕಿ

ಹಾಗಾದರೆ ನಾವು ಎಲ್ಲಿಯವರೆಗೆ ಬಂದಿದ್ದೇವೆ? ಇಲ್ಲಿ ಲೆಕ್ಕಪರಿಶೋಧಕನು ತುಸು ನಿಂತು ನೋಡಬೇಕಾಗುತ್ತದೆ. ಕೇಂದ್ರದ ಆರ್ಥಿಕ ಸಮೀಕ್ಷೆಯ ಪ್ರಕಾರ 2022-23ರ ಆಯವ್ಯಯ ಅಂದಾಜಿನಲ್ಲಿ ಕೇಂದ್ರ ಮತ್ತು ರಾಜ್ಯಗಳು ಒಟ್ಟಾಗಿ ಶಿಕ್ಷಣಕ್ಕೆ ವಿನಿಯೋಗಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ. 2.9. ಆದರೆ 2020ರ ಶಿಕ್ಷಣ ನೀತಿಯ ದಾಖಲೆಯು, ಶಿಕ್ಷಣ ಸಚಿವಾಲಯದ 2017-18ರ ಆಯವ್ಯಯ ವಿಶ್ಲೇಷಣೆಯನ್ನು ಆಧರಿಸಿ, ಈ ಪಾಲು ಶೇ. 4.43ರ ಆಸುಪಾಸಿನಲ್ಲಿದೆ ಎನ್ನುತ್ತದೆ. ಎರಡೂ ಸರ್ಕಾರಿ ದಾಖಲೆಗಳೇ. ಯಾವುದು ಸರಿ?

ಎರಡೂ ತಮ್ಮ ತಮ್ಮ ರೀತಿಯಲ್ಲಿ ಸರಿ. ಮೊದಲನೆಯದು ಸ್ಥೂಲವಾಗಿ ಶಿಕ್ಷಣ ಎಂಬ ಲೆಕ್ಕ ಶೀರ್ಷಿಕೆಯಡಿ ಬರುವ ವೆಚ್ಚವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎರಡನೆಯದು ಇತರ ಇಲಾಖೆಗಳು ಶಿಕ್ಷಣ ಮತ್ತು ತರಬೇತಿಗೆ ಮಾಡುವ ವೆಚ್ಚವನ್ನೂ ಕೂಡಿಕೊಳ್ಳುತ್ತದೆ. ವ್ಯಾಪಾರಿಯೊಬ್ಬ ತನ್ನ ಮಳಿಗೆಯ ಖರ್ಚನ್ನಷ್ಟೇ ಹೇಳಬಹುದು. ಅಥವಾ ಗೋದಾಮು, ಸಾಗಣೆ, ದಲ್ಲಾಳಿ ಎಲ್ಲವನ್ನೂ ಸೇರಿಸಿ ಹೇಳಬಹುದು. ಎರಡರಲ್ಲಿ ಸುಳ್ಳಿಲ್ಲ. ಆದರೆ ಒಂದು ವರ್ಷ ಒಂದು ಪದ್ಧತಿಯ ಅಂಕಿಯನ್ನೂ ಮರುವರ್ಷ ಇನ್ನೊಂದರ ಅಂಕಿಯನ್ನೂ ಮುಂದಿಟ್ಟು ‘ಪ್ರಗತಿಯಾಗಿದೆ’ ಎಂದರೆ ಅದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಆದಕಾರಣ ಶಿಕ್ಷಣದ ಪಾಲನ್ನು ಕುರಿತ ಯಾವುದೇ ಭಾಷಣವನ್ನು ಕೇಳಿದಾಗ ನಾವು ಮೊದಲು ಕೇಳಬೇಕಾದದ್ದು, ‘ಇದರೊಳಗೆ ಏನೇನು ಸೇರಿದೆ?’ ಎಂದು.

ಹಿಂದಿನದಕ್ಕೆ ಹೋಲಿಸಿದರೆ ನಾವು ಮುಂದೆ ಬಂದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಸಚಿವಾಲಯದ ಈ ವಿಶಾಲ ಪದ್ಧತಿಯ ಪ್ರಕಾರ 1951-52ರಲ್ಲಿ ಶಿಕ್ಷಣದ ಪಾಲು ಕೇವಲ ಶೇ. 0.64 ಆಗಿತ್ತು. ಅಲ್ಲಿಂದ ಶೇ. 4ರ ಮೇಲಕ್ಕೆ ಏರಿರುವುದು ಸಣ್ಣ ಸಾಧನೆಯಲ್ಲ. ಆದರೆ 2000-01ರಲ್ಲಿಯೇ ನಾವು ಶೇ. 4ನ್ನು ದಾಟಿದ್ದೆವು. ಅಂದರೆ ಈ ಶತಮಾನದಲ್ಲಿ ಏರಿಕೆ ಬಹುಮಟ್ಟಿಗೆ ನಿಂತುಹೋಗಿದೆ.

ಅಂತರ ಎಷ್ಟು ದೊಡ್ಡದು?

ಶೇಕಡಾವಾರು ಅಂಕಿಗಳಲ್ಲಿ ಅಂತರವು ಸಣ್ಣದಾಗಿ ತೋರುತ್ತದೆ. ರೂಪಾಯಿಗೆ ಪರಿವರ್ತಿಸಿದಾಗ ಅದರ ಗಾತ್ರ ತಿಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ದೇಶದ ವಾರ್ಷಿಕ ಉತ್ಪನ್ನವನ್ನು 300 ಲಕ್ಷ ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. 2023-24ರ ಮೊತ್ತ ಸರಿಸುಮಾರು ಅಷ್ಟೇ ಇತ್ತು. ಆಗ ಶೇ. 1 ಎಂದರೆ 3 ಲಕ್ಷ ಕೋಟಿ ರೂಪಾಯಿ. ಸಮೀಕ್ಷೆಯ ಅಂಕಿಯನ್ನು ಹಿಡಿದರೆ ಕೊರತೆ ಸುಮಾರು 9 ಲಕ್ಷ ಕೋಟಿ. ಸಚಿವಾಲಯದ ಅಂಕಿಯನ್ನು ಹಿಡಿದರೂ ನಾಲ್ಕೂವರೆ ಲಕ್ಷ ಕೋಟಿಗೂ ಮಿಕ್ಕು. 2025-26ರ ಕೇಂದ್ರ ಆಯವ್ಯಯದಲ್ಲಿ ಶಿಕ್ಷಣ ಸಚಿವಾಲಯಕ್ಕೆ ಒದಗಿಸಿದ್ದು ಸುಮಾರು 1.28 ಲಕ್ಷ ಕೋಟಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನೊಂದು ಲೆಕ್ಕ. ಕೇಂದ್ರ ಮತ್ತು ರಾಜ್ಯಗಳು ಒಟ್ಟಾಗಿ ಸಂಗ್ರಹಿಸುವ ತೆರಿಗೆಯು ಉತ್ಪನ್ನದ ಶೇ. 17-18ರ ಆಸುಪಾಸಿನಲ್ಲಿದೆ. ಅದರಲ್ಲಿ ಶೇ. 6 ಎಂದರೆ ಪ್ರತಿ 3 ರೂಪಾಯಿ ತೆರಿಗೆಯಲ್ಲಿ 1 ರೂಪಾಯಿ ಶಿಕ್ಷಣಕ್ಕೆ ಹೋಗಬೇಕು. ಉಳಿದ 2 ರೂಪಾಯಿಯಲ್ಲಿ ಹಳೆಯ ಸಾಲದ ಬಡ್ಡಿ, ರಕ್ಷಣೆ, ಪಿಂಚಣಿ, ಆಹಾರಧಾನ್ಯ, ರಸ್ತೆ, ಆಸ್ಪತ್ರೆ ಎಲ್ಲವೂ ನಡೆಯಬೇಕು. ಗುರಿ ಏಕೆ ಈಡೇರಲಿಲ್ಲವೆಂಬುದಕ್ಕೆ ಕಾರಣವನ್ನು ಕೇವಲ ಇಚ್ಛಾಶಕ್ತಿಯ ಕೊರತೆಯಲ್ಲಿ ಹುಡುಕುವವರು ಈ ಲೆಕ್ಕವನ್ನು ಗಮನಿಸಬೇಕು.

ಮೇಲಾಗಿ, ಉತ್ಪನ್ನವೂ ವರ್ಷವರ್ಷ ಬೆಳೆಯುತ್ತಿರುತ್ತದೆ. ಉತ್ಪನ್ನವು ಚಾಲ್ತಿ ಬೆಲೆಗಳಲ್ಲಿ ವಾರ್ಷಿಕ ಶೇ. 10ರಂತೆ ಬೆಳೆಯುವಾಗ ಶಿಕ್ಷಣದ ಪಾಲು 10 ವರ್ಷಗಳಲ್ಲಿ ಶೇ. 3ರಿಂದ ಶೇ. 6ಕ್ಕೆ ಏರಬೇಕಾದರೆ, ಶಿಕ್ಷಣದ ವೆಚ್ಚವು ಪ್ರತಿ ವರ್ಷ ಸುಮಾರು ಶೇ. 18ರಂತೆ ಹೆಚ್ಚಬೇಕು. ಒಂದೆರಡು ವರ್ಷದ ಉದಾರ ಆಯವ್ಯಯದಿಂದ ಇದು ಆಗುವ ಕೆಲಸವಲ್ಲ.

ಆದರೆ ಅಸಾಧ್ಯವೂ ಅಲ್ಲ. ಚೀನಾ ದೇಶವು 1993ರಲ್ಲಿ, ಶತಮಾನದ ಅಂತ್ಯಕ್ಕೆ ಸರ್ಕಾರಿ ಶಿಕ್ಷಣ ವೆಚ್ಚವನ್ನು ಉತ್ಪನ್ನದ ಶೇ. 4ಕ್ಕೆ ಏರಿಸುವ ಗುರಿಯನ್ನು ಹಾಕಿಕೊಂಡಿತು. 2000ನೇ ಇಸವಿ ಬಂದಿತು, ಗುರಿ ಕೈಗೂಡಲಿಲ್ಲ. ಕಾರಣ ನಮ್ಮಂತೆಯೇ: ಉತ್ಪನ್ನದ ಓಟಕ್ಕೆ ವೆಚ್ಚ ಸರಿಗಟ್ಟಲಿಲ್ಲ. ಆದರೂ ಗುರಿಯನ್ನು ಕೈಬಿಡದೆ 2012ರಲ್ಲಿ ಅದನ್ನು ಮುಟ್ಟಿದರು. ತಡವಾಯಿತು, ಆದರೆ ಆಯಿತು. ಇಂಚನ್ ನಗರದಲ್ಲಿ 2015ರಲ್ಲಿ ಸೇರಿದ ವಿಶ್ವ ಶಿಕ್ಷಣ ವೇದಿಕೆಯು ಎಲ್ಲ ದೇಶಗಳ ಮುಂದಿಟ್ಟ ಮಾನದಂಡವೂ ಉತ್ಪನ್ನದ ಶೇ. 4ರಿಂದ 6.

ಸೆಸ್ ಎಂಬ ಪ್ರತ್ಯೇಕ ಗಂಟು

ಈಗ ನನ್ನ ಕಕ್ಷಿದಾರರ ಪ್ರಶ್ನೆಗೆ ಬರೋಣ. 2004ರಲ್ಲಿ ಕೇಂದ್ರ ತೆರಿಗೆಗಳ ಮೇಲೆ ಶೇ. 2ರ ಶಿಕ್ಷಣ ಸೆಸ್ ಜಾರಿಗೆ ಬಂದಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇ. 1 ಸೇರಿತು. 2018ರಲ್ಲಿ ಆದಾಯ ತೆರಿಗೆಯ ಮೇಲಿನ ಇವೆರಡನ್ನೂ ತೆಗೆದು ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ವಿಧಿಸಲಾಯಿತು.

ಸೆಸ್‌ನ ಹಣ ಮೊದಲು ಭಾರತದ ಸಂಚಿತ ನಿಧಿಗೆ ಸೇರುತ್ತದೆ. ಅಲ್ಲಿಂದ ಸಂಸತ್ತಿನ ಅನುಮೋದನೆಯ ಮೂಲಕ ನಿಗದಿತ ನಿಧಿಗೆ ವರ್ಗಾವಣೆಯಾಗಬೇಕು. ಪ್ರಾಥಮಿಕ ಶಿಕ್ಷಣಕ್ಕಾಗಿ ‘ಪ್ರಾರಂಭಿಕ ಶಿಕ್ಷಾ ಕೋಶ’ವು ಬೇಗನೆ ಸ್ಥಾಪನೆಯಾಯಿತು, ಸರ್ವ ಶಿಕ್ಷಾ ಅಭಿಯಾನಕ್ಕೂ ಮಧ್ಯಾಹ್ನದ ಬಿಸಿಯೂಟಕ್ಕೂ ಅದರಿಂದ ಹಣ ಸಂದಿತು. ನಮ್ಮೂರಿನ ಶಾಲೆಗಳಲ್ಲಿ ಆ ವರ್ಷಗಳಲ್ಲಿ ಎದ್ದ ಹೆಚ್ಚುವರಿ ಕೊಠಡಿಗಳಲ್ಲಿ ನಮ್ಮ ಸೆಸ್‌ನ ಪಾಲು ಇದೆಯೆಂದು ಹೇಳಲು ಅಡ್ಡಿಯಿಲ್ಲ. ಆದರೆ ಪ್ರೌಢ ಮತ್ತು ಉನ್ನತ ಶಿಕ್ಷಣದ ಸೆಸ್‌ಗೆ ಅಂಥ ನಿಧಿಯೇ ಇರಲಿಲ್ಲ. ಭಾರತದ ಮಹಾಲೇಖಪಾಲರು 2016-17ರ ಲೆಕ್ಕಗಳ ವರದಿಯಲ್ಲಿ, ಈ ಬಾಬ್ತಿನ 83 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣವು ಯಾವ ಪ್ರತ್ಯೇಕ ನಿಧಿಗೂ ವರ್ಗವಾಗದೆ ಸಂಚಿತ ನಿಧಿಯಲ್ಲಿಯೇ ಉಳಿದಿದೆಯೆಂದು ಎತ್ತಿ ತೋರಿಸಿದರು. ಅದಕ್ಕಾಗಿ ‘ಮಾಧ್ಯಮಿಕ ಮತ್ತು ಉಚ್ಚತರ ಶಿಕ್ಷಾ ಕೋಶ’ಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2017ರಲ್ಲಿ, ಅಂದರೆ ವಸೂಲಿ ಆರಂಭವಾದ 10 ವರ್ಷಗಳ ನಂತರ. ಹಣ ಕಳುವಾಯಿತೆಂದು ಇದರ ಅರ್ಥವಲ್ಲ. ಅದು ಸರ್ಕಾರದ ಸಾಮಾನ್ಯ ವೆಚ್ಚದಲ್ಲಿ ಬೆರೆತುಹೋಯಿತು. ಶಿಕ್ಷಣಕ್ಕೆ ಎಷ್ಟು ಹೋಯಿತೆಂದು ಬೇರ್ಪಡಿಸಿ ತೋರಿಸುವ ದಾರಿ ಇಲ್ಲವಾಯಿತು. ಧರ್ಮಕಾರ್ಯಕ್ಕೆಂದು ಎತ್ತಿದ ವಂತಿಗೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡವನು ಹೇಗೆ ಲೆಕ್ಕ ಕೊಡಬಲ್ಲ?

ಉದ್ಯಮಿಗಳಿಗೆ ಈ ಸೆಸ್ ಇನ್ನೆರಡು ರೀತಿಯಲ್ಲಿ ಕಹಿಯಾಯಿತು. 2015ರಲ್ಲಿ ಅಬಕಾರಿ ಸುಂಕ ಮತ್ತು ಸೇವಾ ತೆರಿಗೆಯ ಮೇಲಿನ ಶಿಕ್ಷಣ ಸೆಸ್ ರದ್ದಾದಾಗ ಅನೇಕ ತಯಾರಕರ ಪುಸ್ತಕಗಳಲ್ಲಿ ಬಳಕೆಯಾಗದ ಜಮೆ ಉಳಿದಿತ್ತು. ಅದನ್ನು ಜಿಎಸ್‌ಟಿಗೆ ಒಯ್ಯಲು 2018ರ ತಿದ್ದುಪಡಿಯು ಅವಕಾಶ ಕೊಡಲಿಲ್ಲ. 2020ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೂ ಇಲಾಖೆಯ ಪರವಾಗಿ ತೀರ್ಪು ನೀಡಿತು. ಇನ್ನು ಆದಾಯ ತೆರಿಗೆಯ ಮೇಲಿನ ಸೆಸ್ಸನ್ನು ವ್ಯಾಪಾರದ ಖರ್ಚೆಂದು ಕಳೆಯಬಹುದೆಂದು ಬಾಂಬೆ ಮತ್ತು ರಾಜಸ್ಥಾನ ಉಚ್ಚ ನ್ಯಾಯಾಲಯಗಳು ಹೇಳಿದ್ದವು. 2022ರ ಹಣಕಾಸು ಕಾಯ್ದೆಯು 2005-06ನೇ ಕರನಿರ್ಧರಣಾ ವರ್ಷದಿಂದಲೇ ಪೂರ್ವಾನ್ವಯವಾಗುವಂತೆ ಆ ಬಾಗಿಲನ್ನು ಮುಚ್ಚಿತು. ತೆರಿಗೆ ಹೌದೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಸೆಸ್ ನಮಗೆ ತೆರಿಗೆಯಾಯಿತು.

ರಾಜ್ಯಗಳ ಹೊರೆ

ವಿಚಿತ್ರವೆಂದರೆ, ರಾಜ್ಯಗಳ ಪಾಲಿಗೆ ಅದು ತೆರಿಗೆಯಲ್ಲ! ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜ್‌ಗಳು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಗಳ ಮೊತ್ತದಿಂದ ಹೊರಗುಳಿಯುತ್ತವೆ. 15ನೇ ಹಣಕಾಸು ಆಯೋಗವು ಹಂಚಿಕೆಯ ತೆರಿಗೆಗಳಲ್ಲಿ ಶೇ. 41ನ್ನು ರಾಜ್ಯಗಳಿಗೆ ನಿಗದಿಪಡಿಸಿತು. ಸೆಸ್‌ನಲ್ಲಿ ಆ ಪಾಲು ಇಲ್ಲ. ಅದರಿಂದ ರಾಜ್ಯಕ್ಕೆ ಬರುವುದೇನಿದ್ದರೂ ಕೇಂದ್ರದ ಯೋಜನೆಗಳ ಮೂಲಕ, ಕೇಂದ್ರದ ಷರತ್ತುಗಳೊಂದಿಗೆ.

ಆದರೆ ಶಾಲೆಗಳನ್ನು ನಡೆಸುವವರು ಯಾರು? 1976ರ 42ನೇ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿದರೂ, ಸರ್ಕಾರಿ ಶಿಕ್ಷಣ ವೆಚ್ಚದ ಬಹುಪಾಲನ್ನು ಇಂದಿಗೂ ಹೊರುತ್ತಿರುವವು ರಾಜ್ಯಗಳೇ. ಕರ್ನಾಟಕ ಸರ್ಕಾರವು 2025-26ರಲ್ಲಿ ಸುಮಾರು 4.09 ಲಕ್ಷ ಕೋಟಿ ರೂಪಾಯಿ ಗಾತ್ರದ ಆಯವ್ಯಯದಲ್ಲಿ ಶಿಕ್ಷಣಕ್ಕೆ ಒದಗಿಸಿದ್ದು ಸುಮಾರು 45 ಸಾವಿರ ಕೋಟಿ, ಅಂದರೆ ಶೇ. 11ರಷ್ಟು. ಇದರಲ್ಲಿ ದೊಡ್ಡ ಭಾಗ ಸಂಬಳ ಮತ್ತು ನಿರ್ವಹಣೆಗೆ ಸಲ್ಲುವಂಥದು. ಪ್ರಯೋಗಾಲಯ, ಗ್ರಂಥಾಲಯ, ಕಾರ್ಯಾಗಾರಗಳಿಗೆ ಉಳಿಯುವುದು ಅಲ್ಪ.

ಕೊರತೆಯ ಹೊರೆ ಕೊನೆಗೆ ಬೀಳುವುದು ಕುಟುಂಬಗಳ ಮೇಲೆ. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿಗೆ ಕುಟುಂಬವು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡಿದರೆ, ಸರ್ಕಾರೇತರ ಶಾಲೆಯ ಮಗುವಿಗೆ 25,002 ರೂಪಾಯಿ. ನಮ್ಮ ಅಂಗಡಿಯ ಗುಮಾಸ್ತನೂ ಕಾರ್ಖಾನೆಯ ಕೆಲಸಗಾರನೂ ಪ್ರತಿ ಜೂನ್ ತಿಂಗಳಲ್ಲಿ ಮುಂಗಡ ಕೇಳಲು ಬರುವುದು ಏಕೆಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. ಸರ್ಕಾರ ಭರಿಸದೆ ಬಿಟ್ಟ ವೆಚ್ಚವು ಸುತ್ತಿ ಬಳಸಿ ನಮ್ಮ ಸಂಬಳದ ಪಟ್ಟಿಗೇ ಬರುತ್ತದೆ.

ಹಣವೊಂದೇ ಸಾಕೆ?

ಶೇ. 6 ಬಂದ ಮಾತ್ರಕ್ಕೆ ಮೈಕ್ರೋಮೀಟರ್ ಓದಲು ಬರುವ ಹುಡುಗರು ಸಿಕ್ಕಿಬಿಡುತ್ತಾರೆಯೆ? ಇಲ್ಲ. 2024ರ ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಇವರೆಲ್ಲ ಶಾಲೆಗೆ ದಾಖಲಾದ ಮಕ್ಕಳೇ. ಇವರಿಗಾಗಿ ವೆಚ್ಚವೂ ಆಗಿದೆ. ಬಂಡವಾಳ ಹೂಡಿದ ಮಾತ್ರಕ್ಕೆ ಲಾಭ ಬರುವುದಿಲ್ಲವೆಂದು ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಂಡವಾಳವೇ ಇಲ್ಲದೆ ಲಾಭವಿಲ್ಲವೆಂಬುದೂ ಅಷ್ಟೇ ನಿಜ. ಖಾಲಿ ಹುದ್ದೆಯ ಶಾಲೆಯಲ್ಲಿ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂಡಿಸಿಕೊಂಡ ಒಬ್ಬ ಶಿಕ್ಷಕನಿಂದ ಫಲಿತಾಂಶವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹಣದ ಪ್ರಮಾಣ ಮತ್ತು ಹಣದ ಸದ್ಬಳಕೆ, ಇವೆರಡನ್ನೂ ಒಟ್ಟಿಗೆ ಕೇಳಬೇಕು. ಒಂದರ ನೆಪದಲ್ಲಿ ಇನ್ನೊಂದನ್ನು ಕೈಬಿಡಬಾರದು.

ನಮ್ಮ ಪಾತ್ರ

ಇಲ್ಲಿ ನಮ್ಮನ್ನು ನಾವೇ ಪರಿಶೋಧಿಸಿಕೊಳ್ಳಬೇಕಾದ ಒಂದು ಮಾತಿದೆ. ನಾಡಿನ ವಾಣಿಜ್ಯ ಸಂಸ್ಥೆಗಳು ಪ್ರತಿ ವರ್ಷ ಆಯವ್ಯಯಕ್ಕೆ ಮುನ್ನ ಸರ್ಕಾರಕ್ಕೆ ಮನವಿ ಪತ್ರ ಸಲ್ಲಿಸುತ್ತವೆ. ಅದರ ಮೊದಲ ಪುಟದಲ್ಲಿ ತೆರಿಗೆ ಇಳಿಸಿರೆಂಬ ಬೇಡಿಕೆ. ಕೊನೆಯ ಪುಟದಲ್ಲಿ ನುರಿತ ಕೆಲಸಗಾರರು ಸಿಗುತ್ತಿಲ್ಲವೆಂಬ ದೂರು. ಅಂಥ ಪತ್ರಗಳ ಕರಡನ್ನು ಸಿದ್ಧಪಡಿಸುವಲ್ಲಿ ನಾನೂ ಕೈಜೋಡಿಸಿದವನೇ. ಈ ಎರಡು ಪುಟಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದನ್ನು ಆಗ ನಾನು ಗಮನಿಸಲಿಲ್ಲ. ತೆರಿಗೆಯ ವ್ಯಾಪ್ತಿ ವಿಸ್ತರಿಸದೆ ಶಿಕ್ಷಣದ ಪಾಲು ಶೇ. 6ಕ್ಕೆ ಏರಲಾರದು. ಬಿಲ್ಲಿಲ್ಲದೆ ಮಾಡುವ ವ್ಯಾಪಾರವು ಪಕ್ಕದ ಪ್ರಾಮಾಣಿಕ ವ್ಯಾಪಾರಿಯನ್ನಷ್ಟೇ ಅಲ್ಲ, ಊರಿನ ಶಾಲೆಯನ್ನೂ ಬಡವಾಗಿಸುತ್ತದೆ.

ಆದ್ದರಿಂದ ಮುಂದಿನ ಮನವಿ ಪತ್ರದಲ್ಲಿ ಮೂರು ಅಂಶಗಳನ್ನು ಸೇರಿಸಬೇಕೆಂದು ನನ್ನ ಸಲಹೆ. ಒಂದು, ಸೆಸ್‌ನಿಂದ ವಸೂಲಾದ ಮೊತ್ತ, ನಿಧಿಗೆ ವರ್ಗವಾದ ಮೊತ್ತ, ಖರ್ಚಾದ ಮೊತ್ತ ಇವುಗಳನ್ನು ಒಂದೇ ಪುಟದಲ್ಲಿ ಪ್ರತಿ ವರ್ಷ ಪ್ರಕಟಿಸಬೇಕು. ಆರೋಗ್ಯದ ಪಾಲೆಷ್ಟು, ಶಿಕ್ಷಣದ ಪಾಲೆಷ್ಟು ಎಂಬುದನ್ನು ಪ್ರತ್ಯೇಕಿಸಿ ತೋರಿಸಬೇಕು. ಎರಡು, ಶಿಕ್ಷಣದ ವೆಚ್ಚವನ್ನು ಅಳೆಯಲು ಒಂದೇ ಪದ್ಧತಿಯನ್ನು ಗೊತ್ತುಪಡಿಸಿ ಅದಕ್ಕೇ ಬದ್ಧರಾಗಿರಬೇಕು. ಮೂರು, ಶೇ. 6 ಎಂಬ ದೂರದ ಗುರಿಯ ಜೊತೆಗೆ ವರ್ಷವಾರು ಮೆಟ್ಟಿಲುಗಳನ್ನು ಘೋಷಿಸಬೇಕು. ಬ್ಯಾಂಕಿನಿಂದ ಸಾಲ ಪಡೆಯುವ ಸಣ್ಣ ಉದ್ಯಮಿಗೆ ಕಂತುಗಳ ಪಟ್ಟಿ ಕಡ್ಡಾಯವಾಗಿರುವಾಗ, ದೇಶದ ಮಕ್ಕಳಿಗೆ ಕೊಟ್ಟ ಮಾತಿಗೆ ಅದು ಏಕೆ ಬೇಡ?

ಊರಿನ ಮಟ್ಟದಲ್ಲಿಯೂ ಕೆಲಸವಿದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗಳಿವೆ. ನಮ್ಮ ಕೆಲಸಗಾರರಲ್ಲಿ ಅನೇಕರು ಪಾಲಕರಾಗಿ ಅವುಗಳ ಸದಸ್ಯರು. ಸಭೆಯ ದಿನ ಅವರಿಗೆ ಸಂಬಳ ಸಹಿತ ಎರಡು ಗಂಟೆಯ ಬಿಡುವು ಕೊಟ್ಟರೆ ನಮಗೆ ತಗಲುವ ಖರ್ಚು ಅತ್ಯಲ್ಪ.

1916ನೇ ಇಸವಿಯನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಒಂದೇ ವರ್ಷದಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಎರಡೂ ಸ್ಥಾಪನೆಯಾದವು. ಅದಕ್ಕೂ ಮುನ್ನ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವು ಸಂಸ್ಥಾನದಲ್ಲಿ ಬಂದಿತ್ತು. ಶಾಲೆ, ವಿಶ್ವವಿದ್ಯಾನಿಲಯ, ವಾಣಿಜ್ಯ ಸಂಸ್ಥೆ ಮೂರೂ ಒಂದೇ ಯೋಜನೆಯ ಅಂಗಗಳೆಂಬ ತಿಳಿವಳಿಕೆ ಆ ಕಾಲದಲ್ಲಿತ್ತು.

ನನ್ನ ಕಕ್ಷಿದಾರರಿಗೆ ಈಗ ನಾನು ಹೇಳಬಲ್ಲ ಉತ್ತರ ಇಷ್ಟು: ನಿಮ್ಮ ಹಣದಲ್ಲಿ ಒಂದು ಭಾಗ ಶಾಲೆಯ ಕೊಠಡಿಯಾಗಿದೆ, ಮಗುವಿನ ಊಟವಾಗಿದೆ. ಇನ್ನೊಂದು ಭಾಗ ಎಲ್ಲಿ ಹೋಯಿತೆಂದು ಸರ್ಕಾರದ ಲೆಕ್ಕಪುಸ್ತಕವೇ ಬೇರ್ಪಡಿಸಿ ತೋರಿಸಲಾರದು. ಆ ಲೆಕ್ಕವನ್ನು ಕೇಳುವ ಹಕ್ಕು ನಿಮಗಿದೆ. ಏಕೆಂದರೆ ನೀವು ಕಟ್ಟಿದ್ದೀರಿ. ಅವರು ಇತ್ತೀಚೆಗೆ ಸಂಜೆ ಅರ್ಧ ಗಂಟೆ ಯಂತ್ರ ನಿಲ್ಲಿಸಿ, ಹೊಸ ಹುಡುಗರಿಗೆ ದಶಮಾಂಶದ ಲೆಕ್ಕವನ್ನು ತಾವೇ ಹೇಳಿಕೊಡುತ್ತಿದ್ದಾರೆ. ಅದರ ಖರ್ಚು ರಾಷ್ಟ್ರೀಯ ವರಮಾನದ ಯಾವ ಕೋಷ್ಟಕದಲ್ಲಿಯೂ ಶಿಕ್ಷಣವೆಂದು ದಾಖಲಾಗುವುದಿಲ್ಲ.